ಮೈಸೂರಿನ ಆರ್‌ಐಇ ಹಾಸ್ಟೆಲಿಗೆ ಹೊರಟವರಿಗೆ

ಮಾನಸಗಂಗೋತ್ರಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ, ಅಂದರೆ ಆರ್‌ಐಇಯಲ್ಲಿ, ನಾಲ್ಕು ವರ್ಷ ಹಾಸ್ಟೆಲಿನಲ್ಲಿದ್ದು ಬಿಎಸ್ಸಿ-ಬಿಎಡ್ ಮಾಡಿದವಳು ನಾನು. ಈಗಿನವರು ಎನ್‌ಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು, ಪದವಿ ಮತ್ತು ಬಿಎಡ್ ಒಟ್ಟಿಗೇ ಇರುವ ಐಟಿಇಪಿ ಕೋರ್ಸಿಗೆ ಸೇರುತ್ತಾರೆ. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು.

ಬಕೆಟ್ಟು, ಛತ್ರಿ, ಸೊಳ್ಳೆಪರದೆ ಹೇಗೂ ಅಮ್ಮ ನೆನಪಿಸುತ್ತಾರೆ. ನಾನು ಹೇಳುವುದು ರೂಮಿನ ವಿಷಯ. ಆರಿಸಿಕೊಳ್ಳುವ ಅವಕಾಶ ಸಿಕ್ಕರೆ ನಿಮ್ಮ ಊರಿನವರ ಜೊತೆ ಇರಬೇಡಿ. 1963ರಲ್ಲಿ ಶುರುವಾದ ಈ ಸಂಸ್ಥೆ ಇಡೀ ದಕ್ಷಿಣ ಭಾರತಕ್ಕೆ ಸೇರಿದ್ದು. ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣ, ಲಕ್ಷದ್ವೀಪದಿಂದೆಲ್ಲ ಬರುತ್ತಾರೆ. ಹಾಸನದವಳಾದ ನನಗೆ ಮುದ್ದೆಯ ಚಿಂತೆ, ರೂಮಿನ ಮಲಯಾಳಿ ಹುಡುಗಿಗೆ ಕೆಂಪು ಕುಚ್ಚಲಕ್ಕಿಯ ಚಿಂತೆ. ಮೆಸ್ಸಿನ ಬಿಳಿ ಅನ್ನವನ್ನು ಇಬ್ಬರೂ ಸೇರಿ ಬೈದೇ ಸ್ನೇಹಿತರಾದೆವು.

ಶಾಲೆಯ ಮಕ್ಕಳಿಗೆ ನೀವು ಮಾಡಬೇಕಾದ ಪಾಠದ ತಯಾರಿ ಲೈಬ್ರರಿಯಲ್ಲಿ ಮುಗಿಸಿದರೆ ಸಾಲದು. ರಾತ್ರಿ ರೂಮಿನಲ್ಲಿ ಬಾಯಿಬಿಟ್ಟು ಹೇಳಿ, ಬೇರೆ ವಿಷಯದವರನ್ನೇ ಕೂರಿಸಿಕೊಳ್ಳಿ. ನನ್ನ ಗೆಳತಿಗೆ ವಾಯು ಒತ್ತಡದ ಪಾಠ ಬಿದ್ದಿತ್ತು. ನೀರು ತುಂಬಿದ ಲೋಟಕ್ಕೆ ಕಾರ್ಡ್ ಮುಚ್ಚಿ ತಲೆಕೆಳಗು ಮಾಡುವ ಪ್ರಯೋಗ. ಮೊದಲ ಸಲ ನನ್ನ ಹಾಸಿಗೆಯೇ ಒದ್ದೆ! ನಾಲ್ಕನೇ ಸಲಕ್ಕೆ ಕೈ ಕುದುರಿತು.

ಮರುದಿನ ಕ್ಯಾಂಪಸ್ಸಿನ ಡೆಮಾನ್‌ಸ್ಟ್ರೇಷನ್ ಶಾಲೆಯಲ್ಲಿ, ಅಂದರೆ ನಾವು ಪಾಠ ಮಾಡಿ ಕಲಿಯುವ ಶಾಲೆಯಲ್ಲಿ, ಪ್ರಯೋಗ ಚೆನ್ನಾಗೇ ಆಯಿತು. ಆದರೆ ಆ ಮಕ್ಕಳು ವರ್ಷವರ್ಷ ನಮ್ಮಂಥವರನ್ನು ನೋಡಿದವರು, ಸುಮ್ನೆ ಬಿಡುತ್ತಾರಾ? ಒಬ್ಬ ಕೇಳಿದ: ಮಿಸ್, ಕಾರ್ಡಿಗೆ ತೂತು ಮಾಡಿದರೆ? ಇವಳಿಗೆ ಗೊತ್ತಿರಲಿಲ್ಲ. 'ನಾಳೆ ಹೇಳ್ತೀನಿ' ಅಂದು ಬಂದಳು. ಅದು ಸರಿಯಾದ ಉತ್ತರವೇ. ಗೊತ್ತಿಲ್ಲದ್ದನ್ನು ಕಟ್ಟಿ ಹೇಳಿದರೆ ಮಕ್ಕಳಿಗೆ ಥಟ್ಟನೆ ತಿಳಿದುಬಿಡುತ್ತದೆ.

ಆವತ್ತು ರಾತ್ರಿ ಬಚ್ಚಲಲ್ಲಿ ಆರು ಜನ. ಗುಂಡುಸೂಜಿಯಲ್ಲಿ ತೂತು ಮಾಡಿದೆವು, ನೀರು ಅಲ್ಲಾಡಲಿಲ್ಲ. ಮೇಲ್ಮೈ ಸೆಳೆತ, ಸಣ್ಣ ತೂತಿನಲ್ಲಿ ನೀರಿನ ಮೇಲ್ಮೈಯೇ ಪೊರೆಯಂತೆ ಹಿಡಿದುಕೊಳ್ಳುತ್ತೆ ಅಂತ ರಸಾಯನಶಾಸ್ತ್ರದವಳು ಕೂಗಿದಳು. ಪೆನ್ನು ತೂರಿಸಿ ದೊಡ್ಡದು ಮಾಡಿದ ಮೇಲೆ ಸುರಿಯಿತು.

ಲೈಟ್ ಎಷ್ಟು ಗಂಟೆಗೆ ಆರಿಸಬೇಕು ಅನ್ನುವುದನ್ನು ಮೊದಲ ವಾರವೇ ಮಾತಾಡಿಕೊಳ್ಳಿ. ನಾವು ಮಾತಾಡಲಿಲ್ಲ, ಒಂದು ಸೆಮಿಸ್ಟರ್ ಮುನಿಸಿಕೊಂಡೇ ಕಳೆದೆವು. ಚಾರ್ಟ್, ಸ್ಕೆಚ್‌ಪೆನ್ನು, ಅಂಟು ಹಂಚಿಕೊಂಡರೆ ದುಡ್ಡು ಉಳಿಯುತ್ತದೆ. ಕತ್ತರಿ ಮಾತ್ರ ನಿಮ್ಮದೇ ಇರಲಿ, ಹೆಸರು ಬರೆದಿಡಿ. ನನ್ನದು ಮೂರನೇ ವರ್ಷ ಯಾರೋ ಒಯ್ದಿದ್ದು ಇನ್ನೂ ಬಂದಿಲ್ಲ.