ಕಾರ್ ಇಲ್ಲದ ಎರಡು ದಿನ ಕೊಪ್ಪಳ: ಚಳಿಗಾಲದ ಟ್ರಿಪ್ ಹೆಂಗ ಪ್ಲ್ಯಾನ್ ಮಾಡೋದು

ನಮ್ಮನ್ಯಾಗ ಕಾರ್ ಇಲ್ರಿ. ಒಂದು ಹಳೇ ಸ್ಕೂಟಿ ಐತಿ, ಅದು ಬಳ್ಳಾರಿ ದಾಟಿದ್ರ ಕೆಮ್ಮಾಕ ಶುರು ಮಾಡ್ತೈತಿ. ಆದ್ರೂ ಪ್ರತಿ ಚಳಿಗಾಲ ಎರಡು ದಿನ ಎಲ್ಲ್ಯಾರ ಹೋಗಿ ಬರ್ತೀವಿ, ನಾನು, ನಮ್ಮನ್ಯಾಕಿ, ಮಗಳು, ಮೊಣಕಾಲು ಸುಮ್ಮನಿದ್ರ ಅವ್ವನೂ. ಟ್ರಿಪ್ ಅಂದಕೂಡ್ಲೆ ಎಲ್ರೂ ಹಂಪಿ ಹಂಪಿ ಅಂತಾರ, ಹಂಪಿ ಚೊಲೋನ ಐತಿ ಇಲ್ಲ ಅನ್ನಾಂಗಿಲ್ಲ, ಆದ್ರ ಡಿಸೆಂಬರ್ ಕಡೀ ವಾರದಾಗ ಅಲ್ಲಿ ಕಲ್ಲಿಗಿಂತ ಜನಾನ ಜಾಸ್ತಿ ಇರ್ತಾರ, ರೂಮಿನ ರೇಟ್ ಕೇಳಿದ್ರ ಚಳಿ ಬಿಟ್ಟು ಬೆವರು ಬರ್ತೈತಿ. ಹಂಗಾಗಿ ನಾವು ಎರಡು ಸಲ ಕೊಪ್ಪಳಕ್ಕ ಹೋಗೀವಿ. ಒಂದು ಸಲ ತಪ್ಪು ಮಾಡಿ ಕಲ್ತೀವಿ, ಇನ್ನೊಂದು ಸಲ ಆರಾಮ ನೋಡಿ ಬಂದೀವಿ.

ಮೊದಲು ಆ ತಪ್ಪು ಹೇಳ್ತೀನಿ, ಯಾಕಂದ್ರ ಪ್ಲ್ಯಾನ್ ಪೂರಾ ಅದರ ಮ್ಯಾಲೇ ನಿಂತೈತಿ. ಮೊದಲನೇ ಸಲ ಕೊಪ್ಪಳ ಜಿಲ್ಲೆಯ ಇಟಗಿ ಊರಿನ ಗುಡಿಗೆ ಮಧ್ಯಾಹ್ನ ಊಟ ಮಾಡಿ ಹೊಂಟ್ವಿ, ಗುಡಿ ನೋಡ್ಕೋಂತ ಫೋಟೋ ತಕ್ಕೋಂತ ಕುಂತ್ವಿ, ಸಂಜಿ ರಸ್ತೆಗೆ ಬಂದ್ರ ಬಸ್ ಹೋಗಿ ಹತ್ತು ನಿಮಿಷ ಆಗೇತಿ ಅಂದ ಅಂಗಡಿಯಾತ, ಮುಂದಿಂದು ಯಾವಾಗ ಅಂದ್ರ ನಕ್ಕ. ಕತ್ತಲಾತು, ಚಳಿ ಶುರುವಾತು, ಅವ್ವ ಸೆರಗು ತಲಿಮ್ಯಾಲೆ ಹೊದ್ದು ಕಟ್ಟಿ ಮ್ಯಾಲೆ ಕುಂತು ನನ್ನ ಕಡೆ ಒಂದು ನೋಟ ನೋಡಿದ್ಲು, ಅದನ್ನ ಇವತ್ತಿಗೂ ಮರ್ತಿಲ್ಲ. ಕಡೀಗೆ ಒಬ್ಬ ಟಂಟಂನಾತ ಮೇನ್ ರೋಡಿನ ತನಕ ಬಿಟ್ಟ. ಅವತ್ತಿಂದ ನಮ್ಮ ರೂಲ್ ಇಷ್ಟ: ಕಾರ್ ಇದ್ದೋರು ಎಲ್ಲಿಗೆ ಹೋಗೋದು ಅಂತ ಪ್ಲ್ಯಾನ್ ಶುರು ಮಾಡ್ತಾರ, ನಾವು ವಾಪಸ್ ಬರೋ ಬಸ್ಸಿನಿಂದ ಶುರು ಮಾಡ್ಬೇಕು. ಊರಾಗ ಇಳಿಯೋವಾಗಲೇ ಕಂಡಕ್ಟರ್‌ಗೆ "ಸರ್, ಲಾಸ್ಟ್ ಬಸ್ ಎಷ್ಟೊತ್ತಿಗೆ, ಅದರ ಹಿಂದಿಂದು ಎಷ್ಟೊತ್ತಿಗೆ" ಅಂತ ಎರಡೂ ಕೇಳ್ರಿ. ಹಿಂದಿನ ಬಸ್ಸಿಗೆ ಬರೋ ಲೆಕ್ಕ ಹಾಕ್ರಿ, ಲಾಸ್ಟ್ ಬಸ್ ಏನಿದ್ರೂ ದೇವ್ರು ಕೊಟ್ಟಿದ್ದು.

ಈಗ ಯಾವಾಗ ಹೋಗ್ಬೇಕು ಅನ್ನೋದು. ನಮ್ಮ ಕಡೆ ಬ್ಯಾಸಿಗಿ ನಿಮಗ ಗೊತ್ತ ಐತಿ, ಏಪ್ರಿಲ್‌ದಾಗ ಕೊಪ್ಪಳ ಕೋಟಿ ಹತ್ತೋದಂದ್ರ ಹಂಚಿನ ಮ್ಯಾಲೆ ರೊಟ್ಟಿ ಆದಂಗ. ಡಿಸೆಂಬರ್, ಜನವರಿ ಬೆಸ್ಟ್, ರಾತ್ರಿ 15-16 ಡಿಗ್ರಿ ಹತ್ರ ಇಳೀತೈತಿ, ಮಧ್ಯಾಹ್ನ ಮತ್ತ 30ರ ಹತ್ರ ಏರ್ತೈತಿ. ಆದ್ರ ಒಂದು ಕ್ಯಾಲೆಂಡರ್ ನೋಡ್ಲೇಬೇಕು, ಅದು ಕೊಪ್ಪಳದ ಗವಿಮಠದ ಜಾತ್ರಿ. ಪುಷ್ಯ ಬಹುಳ ಬಿದಿಗಿ ದಿನ ತೇರು ಎಳೀತಾರ, ತಿಥಿ ಲೆಕ್ಕ ಇರೋದ್ರಿಂದ ತಾರೀಖು ಸರೀತಿರ್ತೈತಿ, 2024ರಾಗ ಜನವರಿ 27ಕ್ಕ ಬಂದಿತ್ತು, 2025ರಾಗ ಜನವರಿ 15ಕ್ಕ. ಲಕ್ಷಗಟ್ಟಲೆ ಜನ ಸೇರ್ತಾರ, ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರ್‌ನಾಗ ಚಕ್ಕಡಿಯಾಗ ರೊಟ್ಟಿ ಬರ್ತಾವ, ದಾಸೋಹದಾಗ ಸಾಲು ಸಾಲು ಕಡಾಯಿ ಇಟ್ಟು ಮಿರ್ಚಿ ಕರೆಯೋದು ನೋಡಾಕ ಜನ ನಿಂತಿರ್ತಾರ. ಜಾತ್ರಿಗೇ ಹೋಗೋದಿದ್ರ ಅದೊಂದನ್ನ ಇಟ್ಕೊಂಡು ಹೋಗ್ರಿ, ಗುಡಿ ಕೋಟಿ ಎಲ್ಲಾ ಮರೀರಿ, ರೂಮ್ ಸಿಗಲ್ಲ, ರಾತ್ರಿ ಅಲ್ಲೇ ಎಲ್ಲ್ಯಾರ ಕಂಬಳಿ ಹಾಸ್ಕೊಂಡು ಮಲಗಿ ಬೆಳಿಗ್ಗೆ ರೈಲು ಹಿಡೀರಿ. ಊರು ನೋಡೋದಿದ್ರ ತೇರಿನ ಹಿಂದ ಮುಂದ ಒಂದು ವಾರ ಬಿಟ್ಟು ಹೋಗ್ರಿ.

ಹೋಗೋದು ಹೆಂಗ. ಕೊಪ್ಪಳ ಇರೋದು ಗುಂತಕಲ್-ಹುಬ್ಬಳ್ಳಿ ಲೈನ್‌ನಾಗ, ಬಳ್ಳಾರಿ, ಹೊಸಪೇಟೆ, ಆಮ್ಯಾಲೆ ಕೊಪ್ಪಳ, ಅಂದಾಜು ನೂರು ಕಿಲೋಮೀಟರ್. ಬಳ್ಳಾರಿಯಿಂದ ಹೋಗೋರಿಗೆ ರಿಸರ್ವೇಶನ್ ಏನೂ ಬ್ಯಾಡ, ಪ್ಯಾಸೆಂಜರ್‌ನಾಗ ಜನರಲ್ ಟಿಕೆಟ್ ಸಾಕು, ಕೌಂಟರ್ ಕ್ಯೂ ಬ್ಯಾಸರ ಇದ್ರ ಮೊಬೈಲ್‌ನಾಗೂ ತಗೀಬಹುದು. ಬೆಂಗಳೂರಾಗ ಇರೋ ನಮ್ಮ ಹುಡುಗ್ರಿಗೆ ಹಂಪಿ ಎಕ್ಸ್‌ಪ್ರೆಸ್ ಐತಿ, ರಾತ್ರಿ ಹತ್ತಿ ಮಲಗಿದ್ರ ಬೆಳಿಗ್ಗೆ ಕೊಪ್ಪಳ. ಅದು ಮಾತ್ರ ಶುಕ್ರವಾರ ತುಂಬಿ ತುಳಕತೈತಿ, ಬುಕಿಂಗ್ ಈಗ 60 ದಿನ ಮೊದಲು ಓಪನ್ ಆಗ್ತೈತಿ (ಮೊದಲು 120 ಇತ್ತು, 2024ರ ನವೆಂಬರ್‌ನಿಂದ ಕಮ್ಮಿ ಮಾಡ್ಯಾರ), ಹಂಗಾಗಿ ದೀಪಾವಳಿ ಮುಗಿದಕೂಡ್ಲೆ ಡಿಸೆಂಬರ್ ಟಿಕೆಟ್ ನೋಡಿಬಿಡ್ರಿ. ರಾಯಚೂರಿನೋರಿಗೆ ಬಸ್ಸೇ ಸಲೀಸು, ಮಾನ್ವಿ, ಸಿಂಧನೂರು, ಕಾರಟಗಿ, ಗಂಗಾವತಿ ಮ್ಯಾಲೆ ಬರಬಹುದು, ಭತ್ತದ ಗದ್ದಿ ನೋಡ್ಕೋಂತ. ಸಿಂಧನೂರಿಗೂ ಈಗ ರೈಲು ಬಂದೈತಿ.

ಬಸ್ಸಿನಾಗ ಹೆಣ್ಮಕ್ಕಳು ಆಧಾರ್ ಮರೀಬ್ಯಾಡ್ರಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಐತಲ್ಲ, ಸಾದಾ ಬಸ್, ಎಕ್ಸ್‌ಪ್ರೆಸ್ ಎರಡರಾಗೂ ಫ್ರೀ, ಎಸಿ, ಸ್ಲೀಪರ್, ರಾಜಹಂಸದಾಗ ನಡಿಯಲ್ಲ. ಫ್ರೀ ಅಂತ ಸುಮ್ನ ಕುಂದ್ರಬ್ಯಾಡ್ರಿ, ಜೀರೋ ಟಿಕೆಟ್ ಕೇಳಿ ಇಸ್ಕೊಳ್ರಿ, ಚೆಕಿಂಗ್ ಬಂದ್ರ ಆ ಚೀಟಿ ಬೇಕು. ನಮ್ಮ ನಾಲ್ಕು ಮಂದಿ ಒಳಗ ದುಡ್ಡು ಕೊಟ್ಟು ಹೋಗೋನು ನಾನೊಬ್ನ, ಮಗಳು ಅದಕ್ಕೊಂದು ನಗು ಇಟ್ಕೊಂಡಾಳ.

ರೂಮ್ ವಿಷಯದಾಗ ನಾ ಹಠಮಾರಿ. ಆನ್‌ಲೈನ್‌ನಾಗ ಫೋಟೋ ಚೆಂದ ಐತಿ ಅಂತ ಬೈಪಾಸ್ ಕಡೆ ರೂಮ್ ಹಿಡೀಬ್ಯಾಡ್ರಿ. ನಾವು ಒಂದು ಸಲ ಹಂಗ ಹಿಡಿದು, ರೂಮಿಗೆ ಕೊಟ್ಟಷ್ಟೇ ಆಟೋಕ್ಕೂ ಕೊಟ್ವಿ, ರಾತ್ರಿ ಎಂಟರ ಮ್ಯಾಲೆ ಆಟೋದಾತ ಹೇಳಿದ್ದೇ ರೇಟು. ಬಸ್ ಸ್ಟ್ಯಾಂಡಿನಿಂದ ಬ್ಯಾಗ್ ಹೊತ್ಕೊಂಡು ನಡೆದು ಹೋಗೋವಷ್ಟು ದೂರದಾಗ ಲಾಡ್ಜ್ ನೋಡ್ರಿ, ಸಾದಾ ಇದ್ರೂ ನಡಿತೈತಿ. ಫೋನ್ ಮಾಡಿದಾಗ ಮೂರು ಮಾತು ಕೇಳ್ರಿ: ಬಿಸಿ ನೀರು ಎಷ್ಟೊತ್ತಿಂದ ಎಷ್ಟೊತ್ತಿನ ತನಕ, ಚೆಕೌಟ್ 24 ತಾಸಿನ ಲೆಕ್ಕಾನೋ ಮಧ್ಯಾಹ್ನ 12ಕ್ಕೋ, ಖಾಲಿ ಮಾಡಿದ ಮ್ಯಾಲೆ ಸಂಜಿ ತನಕ ಬ್ಯಾಗ್ ಇಟ್ಕೋತೀರೇನು. ಈ ಮೂರನೇದು ಕಾರ್ ಇಲ್ಲದೋರಿಗೆ ಜೀವಾಳ, ಎರಡನೇ ದಿನ ಪೂರ್ತಿ ಅದರ ಮ್ಯಾಲೇ ನಡಿತೈತಿ. ಹೊದಿಕಿ ಮಾತ್ರ ಮನಿಯಿಂದ ಒಂದು ಒಯ್ರಿ, ಲಾಡ್ಜಿನ ಕಂಬಳಿ ಬಗ್ಗೆ ನಾ ಏನೂ ಮಾತಾಡಲ್ಲ.

ಮೊದಲನೇ ದಿನ ಊರು ಬಿಟ್ಟು ಎಲ್ಲೂ ಹೋಗಬ್ಯಾಡ್ರಿ. ಕೊಪ್ಪಳ ಅಂದ್ರ ಬರೇ ಹಂಪಿ ದಾರ್‍ಯಾಗಿನ ಊರು ಅಂತ ತಿಳ್ಕೊಂಡೋರು ಭಾಳ ಜನ ಅದಾರ. ಸಾವಿರ ವರ್ಷದ ಹಿಂದೆ ಇದು ಕೊಪಣ, ಜೈನರ ದೊಡ್ಡ ತೀರ್ಥ, ಕವಿರಾಜಮಾರ್ಗದಾಗ ತಿರುಳ್ಗನ್ನಡದ ಊರು ಅಂತ ಎಣಿಸಿದ ನಾಲ್ಕರಾಗ ಇದೂ ಒಂದು. ಇಲ್ಲಿನ ಆಟೋದೋರ ಕನ್ನಡ ಕೇಳಿದಾಗೆಲ್ಲ ನನಗ ಅದು ನೆನಪಾಗ್ತೈತಿ, ಬೆಂಗಳೂರಿನ ಅಳಿಯಂದ್ರಿಗೆ ಒಂದಕ್ಷರ ತಿಳಿಯಲ್ಲ ಅದು ಬ್ಯಾರೆ ಮಾತು.

ಬೆಳಿಗ್ಗೆ ಕೋಟಿ. ಬಿಸಿಲು ಏರೋಕ್ಕಿಂತ ಮೊದಲು, ಅಂದ್ರ ಏಳಕ್ಕ ಹತ್ತಾಕ ಶುರು ಮಾಡಿದ್ರ ಒಂಬತ್ತೂವರಿಗೆ ಇಳಿದು ನಾಷ್ಟಾ ಮಾಡಬಹುದು. ಟಿಪ್ಪು 1786ರಾಗ ಇದನ್ನ ಒಬ್ಬ ಪಾಳೇಗಾರನ ಕೈಯಿಂದ ತಗೊಂಡು ಫ್ರೆಂಚ್ ಎಂಜಿನಿಯರ್‌ಗಳನ್ನ ಕರೆಸಿ ಗಟ್ಟಿ ಮಾಡಿಸ್ದ, 1819ರಾಗ ಬ್ರಿಟಿಷರು ಮುತ್ತಿಗಿ ಹಾಕಿ ಹಿಡಿದ್ರು. 1858ರಾಗ ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ಎದ್ದು ಇದೇ ಕೋಟಿ ಹಿಡ್ಕೊಂಡು ಇಲ್ಲೇ ಜೀವ ಕೊಟ್ಟ. ಮ್ಯಾಲೆ ನಿಂತು ಸುತ್ತ ಬೋಳು ಗುಡ್ಡ ನೋಡಿದ್ರ ಇಲ್ಲಿ ಕುಂತೋನನ್ನ ಇಳಿಸೋದು ಎಷ್ಟು ಕಷ್ಟ ಅಂತ ತಾನ ತಿಳಿತೈತಿ. ಮೆಟ್ಲು ಕಡಿದಾಗಿ ಅದಾವ, ಚಪ್ಪಲಿ ಬ್ಯಾಡ ಬೂಟು ಹಾಕ್ರಿ, ನೀರು ಕೆಳಗೇ ತುಂಬ್ಕೊಳ್ರಿ, ಅವ್ವನಂಥೋರು ಕೆಳಗ ಚಾ ಕುಡ್ಕೋಂತ ಕುಂದರ್ಲಿ.

ಸಂಜಿ ಗವಿಮಠ. ಗವಿ, ಕೆರಿ, ಗುಡ್ಡ ಮೂರೂ ಒಂದೇ ಕಡೆ ಐತಿ, ಮಕ್ಕಳಿಗೆ ಓಡಾಡಾಕ ಜಾಗಾನೂ ಐತಿ. ಮಠಕ್ಕ ಹೋದೋರು ಎಷ್ಟೋ ಮಂದಿ ಗುಡ್ಡದ ಮ್ಯಾಲಿನ ಅಶೋಕನ ಶಾಸನ ನೋಡದ ಬರ್ತಾರ, ನೀವು ಹಂಗ ಮಾಡಬ್ಯಾಡ್ರಿ. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ, ಎರಡು ಸಾವಿರದ ಇನ್ನೂರು ವರ್ಷಕ್ಕಿಂತ ಹಳೇದು, ಜನಕ್ಕ ಗೊತ್ತಾಗಿದ್ದು 1931ರಾಗ. ಇನ್ನೊಂದು ಪಾಲ್ಕಿಗುಂಡು ಗುಡ್ಡದ ಮ್ಯಾಲೆ ಐತಿ, ಎರಡು ಬಂಡಿ ಮ್ಯಾಲೆ ಒಂದು ಹಾಸುಬಂಡಿ ಕುಂತು ಪಲ್ಲಕ್ಕಿ ಆದಂಗ ಕಾಣ್ತೈತಿ, ಅದಕ್ಕ ಆ ಹೆಸ್ರು, ಆದ್ರ ಅಲ್ಲಿನ ಅಕ್ಷರ ಭಾಳ ಸವೆದಾವ. ಒಂದೇ ನೋಡೋದಿದ್ರ ಗವಿಮಠದ್ದು ನೋಡ್ರಿ.

ಊಟದ್ದು ಚೂರು ಉದ್ದ ಆಗ್ತೈತಿ, ಮಾಫ್ ಮಾಡ್ರಿ. ಬೆಳಿಗ್ಗೆ ಮಂಡಕ್ಕಿ ಒಗ್ಗರಣಿ, ಜೊತಿಗೆ ಬಿಸಿ ಮಿರ್ಚಿ, ಮ್ಯಾಲೆ ಪುಠಾಣಿ ಪುಡಿ ಉದುರಿಸಿರ್ತಾರ, ಇದು ಬಿಟ್ಟು ಇಡ್ಲಿ ಹುಡುಕ್ಕೋಂತ ಹೋಗೋರು ಬಳ್ಳಾರಿಯಾಗೇ ಇರ್ರಿ. ಮಧ್ಯಾಹ್ನ ಖಾನಾವಳಿ, ಜ್ವಾಳದ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮಸರು. ಎರಡರ ಒಳಗ ಹೋಗ್ರಿ, ಮೂರಾದ್ರ ಬಿಸಿ ರೊಟ್ಟಿ ಮುಗಿದು ಕಟಕ್ ರೊಟ್ಟಿ ಉಳಿದಿರ್ತಾವ. ಚಳಿಗಾಲಕ್ಕ ಹೋದ ಲಾಭ ಅಂದ್ರ ರಸ್ತೆ ಬದಿ ಮಾರೋ ಹಸಿ ಕಡ್ಲಿ ಗಿಡ, ಪ್ಯಾರಲ, ಸುದೈವ ಇದ್ರ ಸೀತನಿ, ಅಂದ್ರ ಸುಟ್ಟ ಎಳೇ ಜ್ವಾಳದ ಕಾಳು. ಬಸ್ ಕಾಯೋವಾಗ ಕಡ್ಲಿ ಸುಲ್ಕೋಂತ ಕುಂತ್ರ ಅರ್ಧ ತಾಸು ಹೋಗಿದ್ದೇ ಗೊತ್ತಾಗಲ್ಲ. ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ಹತ್ರ ಹೋದ್ರ, ಹಳ್ಳಿಯಾಗ ಗುರ್ತಿನೋರು ಯಾರಾದ್ರೂ ಇದ್ರ, ನಾಚಿಕಿ ಬಿಟ್ಟು ಚರಗಕ್ಕ (ಹೊಲಕ್ಕ ಎಡಿ ಚೆಲ್ಲೋ ಪೂಜಿಗೆ) ಕರೀರಿ ಅಂತ ಹೇಳಿಬಿಡ್ರಿ, ಹೊಲದಾಗ ಕುಂತು ಸಜ್ಜಿ ರೊಟ್ಟಿ ಭಜ್ಜಿ ಪಲ್ಯ ತಿನ್ನೋ ಮುಂದ ಯಾವ ಹೋಟೆಲ್ಲೂ ಇಲ್ಲ.

ಎರಡನೇ ದಿನಕ್ಕ ಮೂರು ದಾರಿ ಅದಾವ, ಒಂದೇ ಹಿಡೀರಿ. ಮೂರನ್ನೂ ಒಂದು ದಿನದಾಗ ತುರುಕೋದು ಕಾರಿನೋರ ಚಟ.

ಮೊದಲನೇದು ಕಿನ್ನಾಳ, ಹತ್ತು ಹನ್ನೆರಡು ಕಿಲೋಮೀಟರ್, ಅರ್ಧ ದಿನದ ಕೆಲಸ, ವಯಸ್ಸಾದೋರು ಮಕ್ಕಳು ಇದ್ರ ಇದೇ ಸರಿ. ಚಿತ್ರಗಾರ ಮನಿತನದೋರು ಹಗುರ ಕಟ್ಟಿಗಿಯಾಗ ಗೊಂಬಿ ಮಾಡ್ತಾರ, ಕೈ ಕಾಲು ಜೋಡಿಸಿದ ಮ್ಯಾಲೆ ಬಳಿಯಾಕ ಹುಣಸಿ ಬೀಜ ನೆನಸಿ ಅರದು ಗೋಣಿ ಚೂರು, ಕಟ್ಟಿಗಿ ಪುಡಿ ಕೂಡಿಸಿ ಕಿಟ್ಟ ಅಂತ ಮಾಡ್ತಾರ. ಊರಾಗ ಇಳಿದು ಚಿತ್ರಗಾರರ ಮನಿ ಎಲ್ಲಿ ಅಂತ ಕೇಳಿದ್ರ ಯಾರಾದ್ರೂ ತೋರಿಸ್ತಾರ. ಅವ್ರು ಮಾಡೋ ಕೆಲಸ ಬಿಟ್ಟು ತೋರ್ಸಾಕ ಕುಂದರ್ತಾರ, ಸಣ್ಣದಾದ್ರೂ ಒಂದು ಗೊಂಬಿ ತಗೊಳ್ರಿ, ಮತ್ತ ಪ್ಲಾಸ್ಟಿಕ್ ಗೊಂಬಿ ರೇಟಿಗೆ ಚೌಕಾಶಿ ಮಾಡಬ್ಯಾಡ್ರಿ.

ಎರಡನೇದು ಕುಕನೂರು, ಇಟಗಿ. ಇಟಗಿ ಮಹಾದೇವ ಗುಡಿ 1112ರದ್ದು, ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನದಾಗ ದೇವಾಲಯ ಚಕ್ರವರ್ತಿ ಅಂತ ಬರೆಸ್ಯಾನ, ಕಂಬ ನೋಡಿದ್ರ ಜಂಬ ಅನ್ನಿಸಲ್ಲ. ಕುಕನೂರಿಗೆ ಬಸ್ ಸಲೀಸಾಗಿ ಸಿಗ್ತಾವ, ಇಟಗಿಗೆ ಕಮ್ಮಿ. ಹಂಗಾಗಿ ಬೆಳಿಗ್ಗೆ ಮೊದಲು ಇಟಗಿ ಮುಗಿಸಿ, ಆಮ್ಯಾಲೆ ಕುಕನೂರಿಗೆ ಬಂದು ನವಲಿಂಗ ಗುಡಿ ನೋಡ್ಕೊಂಡು ಅಲ್ಲಿಂದ ಕೊಪ್ಪಳದ ಬಸ್ ಹಿಡೀರಿ. ನಾವು ಮೊದಲ ಸಲ ಇದನ್ನೇ ಉಲ್ಟಾ ಮಾಡಿದ್ದು.

ಮೂರನೇದು ಹುಲಿಗಿ, ವಾಪಸ್ ಬಳ್ಳಾರಿಗೆ ಹೋಗೋರಿಗೆ ದಾರ್‍ಯಾಗೇ ಬರ್ತೈತಿ, ಮುನಿರಾಬಾದ್ ಸ್ಟೇಷನ್‌ನಾಗ ಇಳೀಬಹುದು. ಮಂಗಳವಾರ, ಶುಕ್ರವಾರ, ಹುಣ್ಣಿಮಿ ಬಿಟ್ಟು ಹೋದ್ರ ಹುಲಿಗೆಮ್ಮನ ದರ್ಶನ ಆರಾಮ. ಪಕ್ಕದಾಗ ತುಂಗಭದ್ರಾ ಡ್ಯಾಮ್, 33 ಗೇಟಿಂದು, 2024ರ ಆಗಸ್ಟ್‌ನಾಗ 19ನೇ ಗೇಟ್ ಕಿತ್ಕೊಂಡು ಹೋಗಿ ನಮ್ಮ ಮೂರೂ ಜಿಲ್ಲೆ ರೈತ್ರು ನಿದ್ದಿಗೆಟ್ಟ ಡ್ಯಾಮ್ ಇದೇ. ಈ ದಾರಿ ಹಿಡಿದ್ರ ಬ್ಯಾಗ್ ಲಾಡ್ಜಿನಾಗ ಬಿಡಬ್ಯಾಡ್ರಿ, ಹೆಗಲಿಗೆ ಹಾಕ್ಕೊಂಡೇ ಹೊಂಡ್ರಿ. ಹಿಂದ ಬಂದು ಒಯ್ಯೋದಂದ್ರ ಅರ್ಧ ದಿನ ಹಾಳು.

ಬ್ಯಾಗ್ ಅಂದ್ರ ಒಬ್ರಿಗೆ ಒಂದೇ, ಬಸ್ಸಿನಾಗ ತೊಡಿ ಮ್ಯಾಲೆ ಇಟ್ಕೊಳ್ಳೋವಷ್ಟು. ಸ್ವೆಟರ್ ಒಂದು, ಮಂಕಿ ಟೋಪಿ ಅವ್ವನಿಗೆ, ಬೆಳಿಗ್ಗೆ ಹಾಕಿದ್ದು ಹತ್ತಕ್ಕ ಬಿಚ್ಚಬೇಕಾಗ್ತೈತಿ, ಅದಕ್ಕೂ ಬ್ಯಾಗಿನಾಗ ಜಾಗ ಬಿಡ್ರಿ. ಚಿಲ್ಲರೆ ಇಟ್ಕೊಳ್ರಿ, ಹಳ್ಳಿ ಬಸ್ಸಿನಾಗ 500 ತಗದ್ರ ಕಂಡಕ್ಟರ್ ಟಿಕೆಟ್ ಹಿಂದ ಬರೆದುಕೊಟ್ಟು ಇಳಿಯೋವಾಗ ತಗೋ ಅಂತಾನ, ನಾವು ಮರೀತೀವಿ. ಬರೋವಾಗ ಕಿನ್ನಾಳದ ಗೊಂಬಿಯನ್ನ ಸ್ವೆಟರ್‌ನಾಗ ಸುತ್ತಿ ಬ್ಯಾಗಿನ ನಡುವ ಇಡ್ರಿ, ನಮ್ಮ ಆನಿದು ಸೊಂಡಿ ಹೊಸಪೇಟೆ ದಾಟೋದ್ರಾಗ ಮುರಿದಿತ್ತು, ಮಗಳು ಫೆವಿಕಾಲ್ ಹಚ್ಚಿ ಟಿವಿ ಮ್ಯಾಲೆ ಇಟ್ಟಾಳ.