ಕ್ಯಾಟಲೇಸ್ ಹಾಕಿದ ಮೇಲೆ ಸೆಲ್‌ಗಳು ಬೆಳೆಯಲಿಲ್ಲ

ಇಲಿಯ ಮಹಾಪಧಮನಿಯಿಂದ ತೆಗೆದ ಸ್ನಾಯು ಸೆಲ್‌ಗಳನ್ನು ಬೆಳೆಸುವುದು ನನ್ನ ಕೆಲಸ. ಪಿಡಿಜಿಎಫ್ ಅನ್ನೋ ಬೆಳವಣಿಗೆಯ ಅಂಶ ಕೊಟ್ಟರೆ ಇವು ಜೋರಾಗಿ ಹೆಚ್ಚುತ್ತವೆ. ರಕ್ತನಾಳದ ಗೋಡೆ ದಪ್ಪವಾಗಿ ದಾರಿ ಕಿರಿದಾಗುವುದರಲ್ಲಿ ಈ ಬೆಳವಣಿಗೆಗೂ ಪಾಲಿದೆ. ಆಮ್ಲಜನಕದ ಚುರುಕು ರೂಪಗಳನ್ನು ತೆಗೆದುಹಾಕುವ ಆಂಟಿಆಕ್ಸಿಡೆಂಟ್ ಕಿಣ್ವ ಇದನ್ನು ತಡೆಯುತ್ತದಾ ಅಂತ ನೋಡಬೇಕಿತ್ತು.

ಮೊದಲು ಸೆಲ್‌ಗಳನ್ನು ಸುಮ್ಮನಿರಿಸಬೇಕು. ಸೆಲ್‌ಗಳನ್ನು ಬೆಳೆಸುವ ರಕ್ತದ ದ್ರವವಾದ ಸೀರಮ್ ಅನ್ನು ತೀರಾ ಕಡಿಮೆ ಮಾಡಿ 48 ಗಂಟೆ ಇಟ್ಟೆ. ಈ ಹಂತದಲ್ಲಿ ಅವಸರ ಮಾಡಬೇಡಿ, ಸೆಲ್‌ಗಳು ಅದಾಗಲೇ ಬೆಳೆಯುತ್ತಿದ್ದರೆ ಪಿಡಿಜಿಎಫ್‌ನಿಂದ ಎಷ್ಟು ಬೆಳೆದವು ಅಂತ ಹೇಳೋದು ಹೇಗೆ?

ಶುರುವಿನಲ್ಲಿ ಎಸ್‌ಒಡಿ (ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್) ಅನ್ನೋ ಆಂಟಿಆಕ್ಸಿಡೆಂಟ್ ಕಿಣ್ವ ಹಾಕಿದೆ. ಬೆಳವಣಿಗೆ ಕಡಿಮೆಯಾಗಲೇ ಇಲ್ಲ. ನನಗೆ ಬೇಜಾರಾಯಿತು, ಆದರೆ ಯೋಚಿಸಿದರೆ ಅದು ಸರಿಯೇ. ಎಸ್‌ಒಡಿ ಸೂಪರ್‌ಆಕ್ಸೈಡ್ ಅನ್ನೋ ಚುರುಕು ಆಮ್ಲಜನಕವನ್ನು ತೆಗೆದು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಪಿಡಿಜಿಎಫ್‌ನ ಸಂದೇಶ ಒಳಗೆ ಸಾಗಲು ಬೇಕಾಗಿರುವುದೇ ಆ ಪೆರಾಕ್ಸೈಡ್! ಇಂಥದೇ ಇಲಿ ಸೆಲ್‌ಗಳಲ್ಲಿ 1995ರಲ್ಲೇ ಇದನ್ನು ತೋರಿಸಿದ್ದರು. ಈ ಸಂದೇಶವನ್ನು ಅಳಿಸುವ ಫಾಸ್ಫಟೇಸ್ ಕಿಣ್ವಗಳನ್ನು ಪೆರಾಕ್ಸೈಡ್ ಸ್ವಲ್ಪ ಹೊತ್ತು ಕಟ್ಟಿಹಾಕುತ್ತದೆ, ಆಗ ಸಂದೇಶ ಬೇಗ ಅಳಿಸಿಹೋಗುವುದಿಲ್ಲ. ಆಂಟಿಆಕ್ಸಿಡೆಂಟ್ ಅಂದರೆ ಎಲ್ಲವೂ ಒಂದೇ ಅಂತ ನಾನು ಅಂದುಕೊಂಡದ್ದು ತಪ್ಪು.

ಹಾಗಾಗಿ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವ ಕ್ಯಾಟಲೇಸ್ ತೆಗೆದುಕೊಂಡೆ. ಇದು ದೊಡ್ಡ ಪ್ರೋಟೀನ್, ಸೆಲ್ ಒಳಗೆ ತಕ್ಷಣ ಹೋಗುವುದಿಲ್ಲ. ಪಿಡಿಜಿಎಫ್ ಕೊಡುವ ಹಿಂದಿನ ರಾತ್ರಿಯೇ ಹಾಕಿಟ್ಟೆ.

ಅಷ್ಟರಲ್ಲಿ ಇನ್ನೊಂದು ತೊಡಕು. ಹೋಲಿಕೆಗೆ ಅಂತ ಪೆರಾಕ್ಸೈಡನ್ನೇ ನೇರವಾಗಿ ಹಾಕಿದ ಪ್ಲೇಟಿನಲ್ಲಿ ಏನೂ ಆಗುತ್ತಿರಲಿಲ್ಲ. ಮೂರು ಸಲ ಮಾಡಿದೆ, ಹೊಸ ಬಾಟಲಿ ತೆರೆದೆ, ಆದರೂ ಅಷ್ಟೇ. ಕೊನೆಗೆ ಸೆಲ್ ಬೆಳೆಸುವ ದ್ರವದ, ಅಂದರೆ ಮೀಡಿಯಾದ ಲೇಬಲ್ ಓದಿದರೆ ಅದರಲ್ಲಿ ಸೋಡಿಯಂ ಪೈರುವೇಟ್ ಇತ್ತು. ಪೈರುವೇಟ್ ಯಾವ ಕಿಣ್ವದ ಸಹಾಯವೂ ಇಲ್ಲದೆ ಪೆರಾಕ್ಸೈಡನ್ನು ತಿಂದುಹಾಕುತ್ತದೆ. ಈ ಥರದ ಕೆಲಸಕ್ಕೆ ಪೈರುವೇಟ್ ಇಲ್ಲದ ಮೀಡಿಯಾನೇ ತಗೊಳ್ಳಿ, ಇದನ್ನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳುತ್ತೇನೆ.

ಎಣಿಕೆಗೆ ಎಂಟಿಟಿ ಬಣ್ಣ ನಂಬಲಿಲ್ಲ. ಅದು ತೋರಿಸುವುದು ಸೆಲ್‌ಗಳ ಚಟುವಟಿಕೆಯನ್ನು, ಸಂಖ್ಯೆಯನ್ನಲ್ಲ. ಸೆಲ್‌ಗಳನ್ನು ಬಿಡಿಸಿ ಕೈಯಿಂದಲೇ ಎಣಿಸಿದೆ. ಕ್ಯಾಟಲೇಸ್ ಪ್ಲೇಟಿನಲ್ಲಿ ಪಿಡಿಜಿಎಫ್ ಕೊಟ್ಟರೂ ಸೆಲ್‌ಗಳು ಹೆಚ್ಚಲಿಲ್ಲ. ಕುದಿಸಿ ಕೆಡಿಸಿದ ಕ್ಯಾಟಲೇಸ್ ಹಾಕಿದ ಪ್ಲೇಟಿನಲ್ಲಿ ಎಂದಿನಂತೆ ತುಂಬಿಕೊಂಡವು. ಆಗಲೇ ನನಗೆ ನಂಬಿಕೆ ಬಂದದ್ದು.