ಗಾಜಿನ ಮನೆಗೆ ಹೋದರೆ ಮೊದಲು ಎಲೆ ನೋಡಿ

ಸಸ್ಯೋದ್ಯಾನದ ಗಾಜಿನ ಮನೆಗೆ ಹೋದವರು ಹೂವಿನ ಮುಂದೆ ನಿಂತು ನಾಲ್ಕು ಫೋಟೊ ತೆಗೆದು ಅರ್ಧ ಗಂಟೆಯಲ್ಲಿ ಹೊರಗೆ ಬಂದುಬಿಡುತ್ತಾರೆ. ಹಾಗೆ ಮಾಡಬೇಡಿ. ಅಲ್ಲಿ ಒಂದೊಂದು ಕೋಣೆಗೂ ಒಂದೊಂದು ಹವೆ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1987ರಲ್ಲಿ ತೆರೆದ ಪ್ರಿನ್ಸೆಸ್ ಆಫ್ ವೇಲ್ಸ್ ಗಾಜಿನ ಮನೆಯಲ್ಲಂತೂ ಒಂದೇ ಸೂರಿನಡಿ 10 ಬಗೆಯ ಹವೆ ಇದೆ. ಎರಡು ಗಂಟೆಯಾದರೂ ಇಟ್ಟುಕೊಳ್ಳಿ, ಸೆಕೆಯಾದಾಗ ತೆಗೆದು ಹೆಗಲಿಗೆ ಹಾಕಿಕೊಳ್ಳುವಂಥ ಮೇಲಂಗಿ ಇರಲಿ.

ಮೊದಲು ಮರುಭೂಮಿಯ ಕೋಣೆಗೆ ಹೋಗಿ. ಹೊರಗೆ ತಂಪಿದ್ದಾಗ ನೇರವಾಗಿ ಮಳೆಕಾಡಿನ ಕೋಣೆಗೆ ನುಗ್ಗಿದರೆ ಕನ್ನಡಕ, ಕ್ಯಾಮೆರಾ ಎರಡಕ್ಕೂ ಮಂಜು ಹಿಡಿಯುತ್ತದೆ, ಒಣ ಬಿಸಿಯಲ್ಲಿ ಕಾಲು ಗಂಟೆ ಕಳೆದರೆ ಲೆನ್ಸ್ ಬೆಚ್ಚಗಾಗಿ ಆ ತೊಂದರೆ ಕಡಿಮೆ.

ನಾವು ಕಳ್ಳಿ ಅಂತ ಒಂದೇ ಹೆಸರಲ್ಲಿ ಕರೆಯುವುದು ನಿಜವಾಗಿ ಎರಡು ಬೇರೆ ಕುಟುಂಬ. ಮುಳ್ಳಿನ ಬುಡ ನೋಡಿ. ಹತ್ತಿಯಂಥ ಪುಟ್ಟ ಮೆತ್ತೆಯಿಂದ ಮುಳ್ಳು ಹೊರಟಿದ್ದರೆ ಅದು ಕ್ಯಾಕ್ಟಸ್, ಅದರ ತವರು ಬಹುತೇಕ ಅಮೆರಿಕ ಖಂಡಗಳು. ಮೆತ್ತೆ ಇಲ್ಲದೆ, ಗಾಯವಾದರೆ ಬಿಳಿ ಹಾಲು ಸುರಿಸುವುದು ಯೂಫೋರ್ಬಿಯಾ, ಅವುಗಳಲ್ಲಿ ಎಷ್ಟೋ ಆಫ್ರಿಕದವು. ಹಾಲು ಇದೆಯಾ ಅಂತ ಗೀರಿ ನೋಡಬೇಡಿ, ಕಣ್ಣಿಗೆ ಬಿದ್ದರೆ ಅಪಾಯ. ನೆಂಟಸ್ತನವೇ ಇಲ್ಲದ ಎರಡು ಗಿಡಗಳು ಬೇರೆ ಬೇರೆ ಖಂಡದಲ್ಲಿ ಬರಕ್ಕೆ ಒಗ್ಗಿ ಒಂದೇ ಥರ ಕಾಣುತ್ತವಲ್ಲ, ನನಗೆ ಇಡೀ ಗಾಜಿನ ಮನೆಯಲ್ಲಿ ಇದಕ್ಕಿಂತ ದೊಡ್ಡ ಬೆರಗು ಇಲ್ಲ.

ಮಳೆಕಾಡಿನ ಕೋಣೆಯಲ್ಲಿ ಎಲೆಗಳ ತುದಿ ಗಮನಿಸಿ. ಎಷ್ಟೋ ಎಲೆಗಳಿಗೆ ಬಾಲದ ಹಾಗೆ ಉದ್ದ ಚೂಪು ತುದಿ ಇರುತ್ತದೆ, ಬಿದ್ದ ನೀರು ನಿಲ್ಲದೆ ಜಾರಿಹೋಗಲು. ಮರಕ್ಕೆ ಅಂಟಿದ ಆರ್ಕಿಡ್‌ನ ಬೇರು ಒಣಗಿದ್ದಾಗ ಬೆಳ್ಳಿಯ ಬಣ್ಣ, ನೆನೆದ ಕೂಡಲೇ ಹಸಿರು. ನೀರು ಸಿಂಪಡಿಸುವ ಹೊತ್ತು ಯಾವುದು ಅಂತ ಅಲ್ಲಿನ ಮಾಲಿಯನ್ನು ಕೇಳಿ, ಅವರಿಗಿಂತ ಚೆನ್ನಾಗಿ ಹೇಳುವವರಿಲ್ಲ.

ಕೀಟ ತಿನ್ನುವ ಗಿಡಗಳ ಕಡೆ ಮಕ್ಕಳ ಕೈ ಹಿಡಿದುಕೊಳ್ಳಿ. ವೀನಸ್ ಫ್ಲೈಟ್ರ್ಯಾಪ್‌ ಗಿಡದ ಬಾಯಿಯಂಥ ಎಲೆಯ ಒಳಗಿನ ಕೂದಲನ್ನು ಸುಮಾರು 20 ಸೆಕೆಂಡಿನೊಳಗೆ ಎರಡು ಸಲ ಮುಟ್ಟಿದರೆ ಬಾಯಿ ಮುಚ್ಚುತ್ತದೆ. ಒಂದು ಬಾಯಿ ಮುಚ್ಚಿ ತೆರೆಯುವುದು ಕೆಲವೇ ಸಲ, ಸುಮ್ನೆ ಬೆರಳಿಟ್ಟರೆ ಗಿಡಕ್ಕೆ ಊಟವಿಲ್ಲದ ದುಡಿಮೆ.

ಕೊಳದಲ್ಲಿ ಅಮೆಜಾನಿನ ದೈತ್ಯ ನೈದಿಲೆ ಇದ್ದು, ಸಂಜೆಯೂ ಒಳಗೆ ಬಿಡುವ ದಿನಗಳಿದ್ದರೆ ಎರಡು ಸಂಜೆ ಸಾಲಾಗಿ ಹೋಗಿ. ಕತ್ತಲಾಗುವ ಹೊತ್ತಿಗೆ ಬಿಳಿಯಾಗಿ ಅರಳಿದ ಹೂವು ಮರುದಿನ ಸಂಜೆ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ.